ನೈರೋಬಿಯ ಸ್ಟ್ರಾತ್‌ಮೋರ್ ಯೂನಿವರ್ಸಿಟಿ: ಮಗಳನ್ನು ಓದಿಸಿದ ಅಪ್ಪನ ಅನಿಸಿಕೆ

ಕೆನ್ಯಾದ ರಾಜಧಾನಿ ನೈರೋಬಿಗೆ ಕೆಲಸಕ್ಕೆ ಬಂದು ನೆಲೆಸಿರುವ ನಮ್ಮವರ ಮನೆಗಳಲ್ಲಿ ಮಕ್ಕಳು ಎ ಲೆವೆಲ್‌ಗೆ (ನಮ್ಮ ಪಿಯುಸಿ ಇದ್ದ ಹಾಗೆ) ಬಂದರೆ ಸಾಕು, ಊಟಕ್ಕೆ ಕೂತಾಗೆಲ್ಲ ಒಂದೇ ಮಾತು. ಮುಂದೆ ಬೆಂಗಳೂರಾ, ಇಂಗ್ಲೆಂಡಾ, ಕೆನಡಾನಾ? ಇದೇ ಊರಲ್ಲಿ ಓದಿಸೋಣ ಅನ್ನುವವರು ತೀರಾ ಕಡಿಮೆ. ನಾವು ಇಲ್ಲೇ ಓದಿಸಿದೆವು. ಮಡರಾಕಾ ಬಡಾವಣೆಯಲ್ಲಿರುವ ಸ್ಟ್ರಾತ್‌ಮೋರ್ ಯೂನಿವರ್ಸಿಟಿಯಲ್ಲಿ ಮಗಳು ನಾಲ್ಕು ವರ್ಷದ ಬಿ.ಕಾಂ ಮುಗಿಸಿದಳು. ಆಮೇಲೆ ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಹೇಗಿದೆ, ಫೀಸ್ ಎಷ್ಟು, ಸೇಫಾ, ಕ್ರಿಶ್ಚಿಯನ್ ಕಾಲೇಜಂತಲ್ಲಾ ಅಂತ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯೂನಿವರ್ಸಿಟಿಯ ದೊಡ್ಡ ಗುಣ ಅದರ ಕಟ್ಟಡವಲ್ಲ, ಕಂಪ್ಯೂಟರ್ ಲ್ಯಾಬ್ ಅಲ್ಲ. ಅಲ್ಲಿ ಪ್ರತಿ ಹುಡುಗ, ಹುಡುಗಿಯ ಮೇಲೂ ಯಾರದ್ದಾದರೂ ಒಬ್ಬರ ಕಣ್ಣಿರುತ್ತದೆ. ಅದು ಕಾವಲು ಕಾಯುವ ಕಣ್ಣಲ್ಲ, ಕಾಳಜಿಯ ಕಣ್ಣು. ನಾನು ಕೊಟ್ಟ ಫೀಸಿಗೆ ಬಂದ ನಿಜವಾದ ಪ್ರತಿಫಲ ಅದೇ ಎಂದು ನನ್ನ ಅಭಿಪ್ರಾಯ.

ಸೇರಿಸುವ ಮೊದಲು ಮನೆಯಲ್ಲಿ ಸುಲಭಕ್ಕೆ ಒಪ್ಪಿಗೆ ಸಿಗಲಿಲ್ಲ. ದಾವಣಗೆರೆಯಿಂದ ಅಣ್ಣ ಫೋನ್ ಮಾಡಿ, "ಎಲ್ಲಾ ಬಿಟ್ಟು ಆಫ್ರಿಕಾದಾಗ ಡಿಗ್ರಿ ಮಾಡಸ್ತೀಯೇನೋ ತಮ್ಮಾ? ಇಲ್ಲಿಗೆ ಕಳ್ಸು, ನಾವೆಲ್ಲ ಇದೀವಿ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಇಲ್ಲಿಯ ಒಬ್ಬ ಅಡ್ಮಿಷನ್ ಏಜೆಂಟ್ ಇಂಗ್ಲೆಂಡಿನ ಬಣ್ಣಬಣ್ಣದ ಪುಸ್ತಿಕೆಗಳನ್ನು ಮೇಜಿನ ಮೇಲೆ ಹರಡಿ, ನೈರೋಬಿಯ ಡಿಗ್ರಿಗೆ ಬೆಲೆಯೇ ಇಲ್ಲ ಎಂದು ಹೇಳಿದ. ನೀವು ಇಲ್ಲಿಯ ಯಾವ ಕ್ಯಾಂಪಸ್ ಒಳಗೆ ಹೋಗಿದ್ದೀರಿ ಎಂದು ಕೇಳಿದೆ. ಉತ್ತರ ಇರಲಿಲ್ಲ.

ನನಗೆ ಸ್ಟ್ರಾತ್‌ಮೋರ್ ಗೊತ್ತಿದ್ದದ್ದು ಅಲ್ಲಿ ಓದಿ ನಮ್ಮಲ್ಲಿಗೆ ಕೆಲಸಕ್ಕೆ ಬಂದ ಹುಡುಗರಿಂದ. ನಾನು ಇಂಡಸ್ಟ್ರಿಯಲ್ ಏರಿಯಾದ ಒಂದು ಬಣ್ಣದ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವನು. ನಮ್ಮ ವಿಭಾಗಕ್ಕೆ ಬರುವ ಜೂನಿಯರ್‌ಗಳಲ್ಲಿ ಕೆಲವರು ಹಗಲು ಎಲ್ಲೋ ಕೆಲಸ ಮಾಡಿ, ಸಂಜೆ ಸ್ಟ್ರಾತ್‌ಮೋರ್‌ನಲ್ಲಿ ಸಿಪಿಎ (ನಮ್ಮ ಸಿಎ ಥರದ ಅಕೌಂಟೆನ್ಸಿ ಪರೀಕ್ಷೆ) ಕ್ಲಾಸಿಗೆ ಹೋಗಿ ಪಾಸಾದವರು. ಅವರಲ್ಲಿ ಒಬ್ಬ ಹುಡುಗನ ಕೆಲಸ ಇನ್ನೂ ನೆನಪಿದೆ. ತಿಂಗಳ ಕೊನೆಯಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಮ್ಮ ಪುಸ್ತಕಕ್ಕೂ ತಾಳೆ ನೋಡುವಾಗ ಸಣ್ಣದೊಂದು ವ್ಯತ್ಯಾಸ ಬಂತು. ಅಷ್ಟು ಚಿಲ್ಲರೆ ಮೊತ್ತಕ್ಕೆ ಎಲ್ಲರೂ ಮಾಡುವುದು ಒಂದೇ. ಸಣ್ಣಪುಟ್ಟ ಖರ್ಚಿನ ಖಾತೆಗೆ ಹಾಕಿ ಮುಗಿಸುತ್ತಾರೆ. ಈತ ಮುಗಿಸಲಿಲ್ಲ. ಎಲ್ಲರೂ ಮನೆಗೆ ಹೋದ ಮೇಲೂ ಕೂತು ಎಂಪೆಸಾ (ಮೊಬೈಲಿನಲ್ಲೇ ಹಣ ಕಳಿಸುವ ಇಲ್ಲಿಯ ವ್ಯವಸ್ಥೆ) ರಸೀದಿಗಳನ್ನು ಒಂದೊಂದಾಗಿ ಟಿಕ್ ಹಾಕುತ್ತಾ ಹೋದ. ಒಬ್ಬ ಗಿರಾಕಿಯ ಪಾವತಿ ಎರಡು ಸಲ ನಮೂದಾಗಿತ್ತು, ಇನ್ನೊಂದು ಬಿಟ್ಟೇಹೋಗಿತ್ತು. ಎರಡೂ ಹೆಚ್ಚೂಕಡಿಮೆ ಹೊಂದಿಕೊಂಡು ಚಿಲ್ಲರೆ ಮಾತ್ರ ಹೊರಗೆ ಕಾಣುತ್ತಿತ್ತು. ಇದನ್ನು ಎಲ್ಲಿ ಕಲಿತೆಯಪ್ಪಾ ಎಂದು ಕೇಳಿದಾಗ, ನಮ್ಮ ಮೇಷ್ಟ್ರು ಬಿಡುತ್ತಿರಲಿಲ್ಲ ಸರ್ ಎಂದ. ಮಗಳು ಕಾಮರ್ಸ್ ಓದುತ್ತೇನೆ ಎಂದಾಗ ನನ್ನ ತಲೆಗೆ ಮೊದಲು ಬಂದದ್ದು ಆ ಮಾತು.

ಅಕೌಂಟೆನ್ಸಿ ಅಲ್ಲಿ ಹೊಸದೇನಲ್ಲ. 1966ರಲ್ಲೇ ಶುರು ಮಾಡಿದ್ದಾರೆ. ಸಂಸ್ಥೆ ಹುಟ್ಟಿದ್ದು ಇನ್ನೂ ಹಿಂದೆ, 1961ರಲ್ಲಿ. ಈ ಇಸವಿ ನಮ್ಮಂಥವರಿಗೆ ಮುಖ್ಯ. ಕೆನ್ಯಾಕ್ಕೆ ಸ್ವಾತಂತ್ರ್ಯ ಬಂದದ್ದು 1963ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು ಶಾಲೆಗಳೆಲ್ಲ ಬಣ್ಣದ ಲೆಕ್ಕದಲ್ಲಿದ್ದವು. ಯುರೋಪಿಯನ್ನರಿಗೆ ಒಂದು, ಏಷ್ಯನ್ನರಿಗೆ ಒಂದು, ಆಫ್ರಿಕನ್ನರಿಗೆ ಇನ್ನೊಂದು. ಏಷ್ಯನ್ನರು ಅಂದರೆ ಹೆಚ್ಚಾಗಿ ನಮ್ಮ ದೇಶದಿಂದ ಬಂದವರೇ. ರೈಲು ಹಳಿ ಹಾಕಲು ಬಂದವರು, ಅಂಗಡಿ ಇಟ್ಟವರು, ಗುಮಾಸ್ತರು. ಅಂಥ ಕಾಲದಲ್ಲಿ ನೈರೋಬಿಯ ಲ್ಯಾವಿಂಗ್ಟನ್‌ನಲ್ಲಿ ಸ್ಟ್ರಾತ್‌ಮೋರ್ ಕಾಲೇಜು ಬಾಗಿಲು ತೆರೆದು, ಮೂರೂ ಕಡೆಯ ಹುಡುಗರನ್ನು ಒಂದೇ ಬೆಂಚಿನಲ್ಲಿ ಕೂರಿಸಿತು. ನಮ್ಮ ಪಿಯುಸಿ ಮಟ್ಟದ ಓದು ಅದು. ಜಾತಿ, ಮತ, ಬಣ್ಣ ನೋಡದೆ ಎಲ್ಲರನ್ನೂ ಸೇರಿಸಿಕೊಂಡ ಆ ಮಟ್ಟದ ಮೊದಲ ಕಾಲೇಜು ಎಂದು ಅದನ್ನು ಇಲ್ಲಿ ಹೆಮ್ಮೆಯಿಂದ ನೆನೆಯುತ್ತಾರೆ. ಮೊದಲ ಪ್ರಿನ್ಸಿಪಾಲರು ಡೇವಿಡ್ ಸ್ಪರ್ಲಿಂಗ್, ಅಮೆರಿಕದವರು. 1980ರ ದಶಕದಲ್ಲಿ ಸರ್ಕಾರ ಮಡರಾಕಾದಲ್ಲಿ ಜಾಗ ಕೊಟ್ಟಿತು. 90ರ ದಶಕದ ಶುರುವಿನಲ್ಲಿ ಕಾಲೇಜು ಅಲ್ಲಿಗೆ ಬಂತು. 2002ರಲ್ಲಿ ಯೂನಿವರ್ಸಿಟಿ ಆಯಿತು. ಬಿಸಿನೆಸ್ ಸ್ಕೂಲ್ 2005ರಲ್ಲಿ ಬಂತು, ಲಾ ಸ್ಕೂಲ್ 2012ರಲ್ಲಿ.

ಎಲ್ಲರೂ ಒಂದಾಗಲಿ ಅನ್ನುವ ಅರ್ಥದ ಲ್ಯಾಟಿನ್ ಸಾಲೊಂದು ಅವರ ಧ್ಯೇಯವಾಕ್ಯ. ಗೋಡೆಯ ಮೇಲೆ ಬರೆದದ್ದೆಲ್ಲ ಒಳಗೆ ನಡೆಯುತ್ತದೆ ಎಂದು ನಾನು ನಂಬುವವನಲ್ಲ. ಆದರೆ ಮಗಳ ಗ್ರೂಪ್ ಅಸೈನ್‌ಮೆಂಟ್‌ಗಳು ನಮ್ಮ ಮನೆಯ ಹಾಲಿನಲ್ಲಿ ನಡೆಯುವಾಗ ಬಂದು ಕೂರುತ್ತಿದ್ದವರನ್ನು ನೋಡಿದ್ದೇನೆ. ಒಬ್ಬಳು ಕಿಸುಮು ಕಡೆಯ ಲುವೋ ಬುಡಕಟ್ಟಿನ ಹುಡುಗಿ, ಒಬ್ಬ ಕಿಕುಯು ಬುಡಕಟ್ಟಿನವನು, ಒಬ್ಬಳು ಈಸ್ಟ್‌ಲಿಯ ಸೋಮಾಲಿ ಹುಡುಗಿ, ಇನ್ನೊಬ್ಬ ಇಲ್ಲೇ ಹುಟ್ಟಿದ ಗುಜರಾತಿ. ನನ್ನ ಹೆಂಡತಿ ಮಾಡಿದ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿಯನ್ನು ಎಲ್ಲರೂ ಸೇರಿ ಖಾಲಿ ಮಾಡುತ್ತಿದ್ದರು. ಭಾರತೀಯ ಮಕ್ಕಳೇ ಜಾಸ್ತಿಯಿದ್ದ ಸ್ಕೂಲಿನಲ್ಲಿ ಓದಿದ ನನ್ನ ಮಗಳು, ಹುಟ್ಟಿನಿಂದ ಈ ದೇಶದಲ್ಲೇ ಇದ್ದರೂ, ಈ ದೇಶದವರ ಜೊತೆ ಹೀಗೆ ಕೂತದ್ದು ಯೂನಿವರ್ಸಿಟಿಗೆ ಹೋದ ಮೇಲೆ. ಇದೊಂದಕ್ಕಾದರೂ ಇಲ್ಲೇ ಓದಿಸಬೇಕಿತ್ತು.

ಈಗ ಜಾಗದ ಬಗ್ಗೆ. ಓಲೆ ಸಂಗಾಲೆ ರಸ್ತೆಯಲ್ಲಿದೆ. ಒಂದು ಕಡೆ ನ್ಯಾಯೊ ಸ್ಟೇಡಿಯಂ, ಇನ್ನೊಂದು ಕಡೆ ಲಂಗಾಟಾ ರಸ್ತೆ, ಹತ್ತಿರದಲ್ಲೇ ವಿಲ್ಸನ್ ಏರ್‌ಪೋರ್ಟ್. ತಲೆಯ ಮೇಲೆ ಸಣ್ಣ ವಿಮಾನಗಳು ಹಾರುತ್ತಲೇ ಇರುತ್ತವೆ. ಕ್ಯಾಂಪಸ್ ದೊಡ್ಡದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಂಥ ಮರಗಿಡದ ವಿಸ್ತಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರಬೇಡಿ. ಸಿಕ್ಕ ಜಾಗದಲ್ಲಿ ಅಚ್ಚುಕಟ್ಟಾಗಿ ಕಟ್ಟಿದ್ದಾರೆ. ಕಸ ಕಾಣುವುದಿಲ್ಲ. ಟಾಯ್ಲೆಟ್‌ಗಳು ಕ್ಲೀನ್. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಮಗಳನ್ನು ಸೇರಿಸುವ ಮುನ್ನ ನನ್ನ ಹೆಂಡತಿ ಮೊದಲು ಹೋಗಿ ನೋಡಿದ್ದು ಅದನ್ನೇ. ಹೆಣ್ಣುಮಕ್ಕಳ ತಾಯಂದಿರಿಗೆ ಇದು ಸಣ್ಣ ವಿಷಯವಲ್ಲ.

ಮೇಲೆ ನೋಡಿದರೆ ಚಾವಣಿಗಳ ತುಂಬಾ ಸೋಲಾರ್ ಪ್ಯಾನೆಲ್. 2014ರಲ್ಲಿ 600 ಕಿಲೋವ್ಯಾಟ್‌ನ ವ್ಯವಸ್ಥೆ ಹಾಕಿಸಿದ್ದಾರೆ. ತಮಗೆ ಬೇಕಾದಷ್ಟು ಬಳಸಿ ಹೆಚ್ಚಾದದ್ದನ್ನು ವಿದ್ಯುತ್ ಕಂಪನಿ ಕೆನ್ಯಾ ಪವರ್‌ಗೆ ಕೊಡುವ ಏರ್ಪಾಡು. ಇದರ ಹಿಂದೆ ಬ್ರೆಜಿಲ್ ಮೂಲದ ಪ್ರೊಫೆಸರ್ ಇಜಾಯೆಲ್ ಡಾ ಸಿಲ್ವಾ ಅವರ ಕೆಲಸ ದೊಡ್ಡದು. ಇಂಧನ ಸಂಶೋಧನೆಗೆ ಅಲ್ಲೊಂದು ಕೇಂದ್ರವೇ ಇದೆ, ಸೋಲಾರ್ ಅಳವಡಿಸುವವರಿಗೆ ತರಬೇತಿಯೂ ಕೊಡುತ್ತಾರೆ. ಮಳೆ ಬಂದರೆ ಕರೆಂಟ್ ಹೋಗುವ ಊರಲ್ಲಿ ಒಂದು ಯೂನಿವರ್ಸಿಟಿ ಪಾಠ ಹೇಳಿದ್ದನ್ನು ತನ್ನ ಚಾವಣಿಯ ಮೇಲೇ ಮಾಡಿ ತೋರಿಸಿದೆ. ನನಗೆ ಅದು ಬಹಳ ಇಷ್ಟವಾಯಿತು.

ಬಟ್ಟೆಯ ನಿಯಮ ಇದೆ, ಕಟ್ಟುನಿಟ್ಟಾಗಿಯೇ ಇದೆ. ಹರಿದ ಜೀನ್ಸ್, ಚಡ್ಡಿ, ತೀರಾ ಗಿಡ್ಡ ಉಡುಪು ಹಾಕಿಕೊಂಡು ಕ್ಲಾಸಿಗೆ ಹೋಗುವಂತಿಲ್ಲ. ಆಫೀಸಿಗೆ ಹೊರಟವರ ಹಾಗೆ ಹೋಗಬೇಕು. ನೈರೋಬಿಯಲ್ಲಿ ಬೇರೆ ಕಾಲೇಜಿನ ಮಕ್ಕಳು ಇದಕ್ಕೇ ಸ್ಟ್ರಾತ್‌ಮೋರ್‌ನವರನ್ನು ಗುರುತಿಸುತ್ತಾರೆ. ಮೊದಮೊದಲು ಮಗಳಿಗೆ ಕಿರಿಕಿರಿ. ಹದಿನೆಂಟು ತುಂಬಿದವರಿಗೆ ಇದೆಲ್ಲ ಯಾಕೆ ಅಂತ ವಾದ. ಅವಳ ವಾದದಲ್ಲೂ ಹುರುಳಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲ ಇಂಟರ್‌ವ್ಯೂಗೆ ಹೊರಟ ದಿನ ಅವಳಿಗೆ ಹೊಸದಾಗಿ ಏನನ್ನೂ ಅಭ್ಯಾಸ ಮಾಡಿಕೊಳ್ಳಬೇಕಾಗಿ ಬರಲಿಲ್ಲ. ನಿಮ್ಮ ಮಗ ಅಥವಾ ಮಗಳಿಗೆ ಇಂಥ ಕಟ್ಟುಪಾಡು ಉಸಿರುಗಟ್ಟಿಸುತ್ತದೆ ಅನ್ನಿಸಿದರೆ ಮಾತ್ರ ಸೇರಿಸುವ ಮುನ್ನ ಕೂತು ಮಾತಾಡಿ. ಸೇರಿದ ಮೇಲೆ ಜಗಳ ಆಡಿ ಪ್ರಯೋಜನವಿಲ್ಲ.

ಓದು ಹಗುರವಲ್ಲ. ಇಲ್ಲಿ ಒಂದೊಂದು ವಿಷಯಕ್ಕೆ ಯೂನಿಟ್ ಅನ್ನುತ್ತಾರೆ. ಸೆಮಿಸ್ಟರ್ ನಡುವೆ ಕ್ಯಾಟ್ ಅಂತ ಕಿರುಪರೀಕ್ಷೆಗಳು ಬರುತ್ತಲೇ ಇರುತ್ತವೆ. ಅದರ ಅಂಕ ಕೊನೆಯ ಪರೀಕ್ಷೆಗೆ ಸೇರುತ್ತದೆ. ಹಾಗಾಗಿ ನಮ್ಮ ಕಾಲದಲ್ಲಿ ಮಾಡುತ್ತಿದ್ದ ಹಾಗೆ ಕೊನೆಯ ಹದಿನೈದು ದಿನ ಗೈಡ್ ಹಿಡಿದು ಪಾಸಾಗುವ ಆಟ ನಡೆಯುವುದಿಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಕ್ಯಾಟ್ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಟಿವಿ ಬಂದ್.

ಆದರೆ ನನಗೆ ಆಶ್ಚರ್ಯವಾಗಿದ್ದು ಅಕೌಂಟ್ಸ್ ಪಾಠದಿಂದಲ್ಲ. ಬಿ.ಕಾಂ ಓದಲಿ, ಕಂಪ್ಯೂಟರ್ ಓದಲಿ, ಎಲ್ಲರೂ ತತ್ವಶಾಸ್ತ್ರ, ನೀತಿಶಾಸ್ತ್ರದ ಯೂನಿಟ್‌ಗಳನ್ನು ಓದಲೇಬೇಕು. ಮನುಷ್ಯ ಅಂದರೆ ಯಾರು, ಸರಿ ತಪ್ಪು ಹೇಗೆ ತೂಗಬೇಕು, ಸಮಾಜಕ್ಕೂ ನನಗೂ ಏನು ಸಂಬಂಧ ಅನ್ನುವಂಥವು. ಮೊದಲು ಕೇಳಿದಾಗ, ಫೀಸ್ ಕೊಟ್ಟು ಇದನ್ನೆಲ್ಲ ಯಾಕೆ ಓದಬೇಕು ಅಂತ ಮನೆಯಲ್ಲೇ ಪ್ರಶ್ನೆ ಎದ್ದಿತು. ಉತ್ತರ ಸಿಕ್ಕಿದ್ದು ಒಂದು ರಾತ್ರಿ ಊಟದ ಮೇಜಿನಲ್ಲಿ.

ಅವಳಿಗೆ ಒಂದು ಅಸೈನ್‌ಮೆಂಟ್ ಬಂದಿತ್ತು. ಒಂದು ಕಂಪನಿಯ ಅಕೌಂಟೆಂಟ್. ವರ್ಷದ ಲೆಕ್ಕ ಮುಗಿಯುವ ಹೊತ್ತು. ಜನವರಿಯಲ್ಲಿ ಹೋಗಬೇಕಾದ ಮಾಲಿನ ಬಿಲ್ಲನ್ನು ಡಿಸೆಂಬರ್ ತಾರೀಕು ಹಾಕಿ ಮಾಡು ಅಂತ ಬಾಸ್ ಹೇಳುತ್ತಾನೆ. ಮಾಲು ಹೇಗೂ ಹೋಗುತ್ತದೆ, ದುಡ್ಡು ಹೇಗೂ ಬರುತ್ತದೆ, ಯಾರಿಗೂ ನಷ್ಟವಿಲ್ಲ. ಮಾಡದಿದ್ದರೆ ಬ್ಯಾಂಕಿನ ಸಾಲ ಕೈತಪ್ಪಿ ನೂರಾರು ಜನರ ಕೆಲಸ ಹೋಗಬಹುದು. ಅಕೌಂಟೆಂಟ್ ಏನು ಮಾಡಬೇಕು?

"ಅಪ್ಪಾ, ನೀವಾಗಿದ್ರೆ ಏನ್ ಮಾಡ್ತಿದ್ರಿ?" ಅಂದಳು.

ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ತಾರೀಕು ಬದಲಿಸು ಅನ್ನುವ ಮಾತು ಕೇಳದ ಅಕೌಂಟೆಂಟ್ ಯಾವ ದೇಶದಲ್ಲೂ ಇರಲಾರ. ಹಾಕಲ್ಲ ಅಂದೆ. ಯಾಕೆ ಅಂದಳು. ಕಾನೂನು ಅಂದೆ. "ಕಾನೂನು ಇಲ್ದಿದ್ರೆ?" ಅಂದಳು. ಬ್ಯಾಂಕಿನವನು ನಮ್ಮ ಲೆಕ್ಕ ನಂಬಿ ಸಾಲ ಕೊಡ್ತಾನೆ, ಆ ನಂಬಿಕೆಯೇ ನಮ್ಮ ಕಸುಬು ಅಂದೆ. "ಹಾಗಾದ್ರೆ ಕೆಲಸ ಕಳ್ಕೊಳ್ಳೋರ ಮನೆ?" ಅಂದಳು. ಅನ್ನ ತಣ್ಣಗಾಯಿತು. ನನ್ನ ಹೆಂಡತಿಯೂ ಮಾತಿಗೆ ಸೇರಿಕೊಂಡಳು. ಬಾಸ್ ಬ್ಯಾಂಕಿಗೇ ಹೋಗಿ ಇರೋದನ್ನ ಇದ್ದ ಹಾಗೆ ಹೇಳಿ ಒಂದು ತಿಂಗಳು ಟೈಮ್ ಕೇಳಬಹುದಲ್ವಾ ಅಂದಳು. ಮಗಳು ಅದನ್ನೂ ಬರೆದುಕೊಂಡಳು. ಮಧ್ಯರಾತ್ರಿಯ ತನಕ ನಡೆಯಿತು. ಪೇಪರ್ ವಾಪಸ್ ಬಂದಾಗ ನೋಡಿದೆ. ಲೆಕ್ಚರರ್ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಬರೆದಿದ್ದರು: ಸಹಿ ಹಾಕಲು ಒಪ್ಪದ ಅಕೌಂಟೆಂಟ್ ಕೆಲಸ ಕಳೆದುಕೊಂಡರೆ ಅವನ ಪರವಾಗಿ ನಿಲ್ಲಬೇಕಾದವರು ಯಾರು? ಉತ್ತರ ಸರಿ, ತಪ್ಪು ಅಂತ ಗೀಟು ಎಳೆದು ಮುಗಿಸಿರಲಿಲ್ಲ. ಇನ್ನೂ ಮುಂದಕ್ಕೆ ಯೋಚನೆ ಮಾಡು ಎಂದು ಕೇಳಿದ್ದರು. ಇಂಥ ಪಾಠ ನನ್ನ ಬಿ.ಕಾಂನಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ಇನ್ನು ಮೆಂಟರ್ ವಿಷಯ. ಸೇರಿದ ಪ್ರತಿಯೊಬ್ಬರಿಗೂ ಒಬ್ಬ ಮೆಂಟರ್ ಸಿಗುತ್ತಾರೆ. ಆಗಾಗ ಅವರನ್ನು ಒಬ್ಬೊಬ್ಬರೇ ಹೋಗಿ ನೋಡಬೇಕು. ಇದು ಸುಮ್ನೆ ಕಾಗದದ ಮೇಲಿನ ಏರ್ಪಾಡು ಅಂತ ನಾನು ಅಂದುಕೊಂಡಿದ್ದೆ. ಎರಡನೇ ವರ್ಷದಲ್ಲಿ ಮಗಳ ಅಂಕಗಳು ಜಾರಿದವು. ನಮಗೆ ರಿಸಲ್ಟ್ ಗೊತ್ತಾಗುವ ಮೊದಲೇ ಮೆಂಟರ್ ಮ್ಯಾಡಮ್ ಕರೆದು ಕೂರಿಸಿಕೊಂಡಿದ್ದರು. ಅಂಕದ ಮಾತೇ ಎತ್ತಲಿಲ್ಲವಂತೆ. ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀಯಾ, ಮಧ್ಯಾಹ್ನ ಯಾರ ಜೊತೆ ಊಟ ಮಾಡ್ತೀಯಾ, ಮನೆಗೆ ಹೋದ ಮೇಲೆ ಏನು ಮಾಡ್ತೀಯಾ ಅಂತ ಕೇಳಿದರಂತೆ. ಆಗ ಹೊರಗೆ ಬಂತು. ನಮ್ಮ ಮನೆ ಪಾರ್ಕ್‌ಲ್ಯಾಂಡ್ಸ್‌ನಲ್ಲಿ. ಅಲ್ಲಿಂದ ಒಂದು ಮಟಾಟು (ಇಲ್ಲಿಯ ಖಾಸಗಿ ಮಿನಿಬಸ್) ಹಿಡಿದು ಟೌನ್‌ಗೆ, ಟೌನ್‌ನಲ್ಲಿ ನಡೆದು ರೈಲ್ವೇಸ್ ಸ್ಟೇಜ್‌ಗೆ (ಮಟಾಟು ನಿಲ್ದಾಣ), ಅಲ್ಲಿಂದ ಇನ್ನೊಂದು ಮಟಾಟು. ಮಳೆ ಬಂದ ದಿನ ರಸ್ತೆಯಲ್ಲೇ ಅರ್ಧ ದಿನ. ಮನೆಗೆ ಬಂದರೆ ನಿದ್ದೆ. ಅಪ್ಪ ಅಮ್ಮನಿಗೆ ಹೇಳು, ಹತ್ತಿರದಲ್ಲಿ ಇರುವ ವ್ಯವಸ್ಥೆ ಆಗುತ್ತಾ ನೋಡು ಎಂದು ಕಳಿಸಿದ್ದು ಆ ಮ್ಯಾಡಮ್. ಮಗಳು ಅವರನ್ನು ಈಗಲೂ ಹೋಗಿ ಮಾತಾಡಿಸಿಕೊಂಡು ಬರುತ್ತಾಳೆ.

ಅಲ್ಲಿಗೆ ವಸತಿಯ ಮಾತು ಬಂತು. ಹೊರ ಊರಿನಿಂದ ಬರುವವರು ಇದನ್ನು ಮೊದಲೇ ವಿಚಾರಿಸಬೇಕು. ಹೆಚ್ಚಿನ ಮಕ್ಕಳು ಕ್ಯಾಂಪಸ್ ಹೊರಗೇ ಇರುತ್ತಾರೆ. ಮಡರಾಕಾದ ಹಳೆಯ ಫ್ಲ್ಯಾಟುಗಳು, ನೈರೋಬಿ ವೆಸ್ಟ್, ಹತ್ತಿರದ ಖಾಸಗಿ ಹಾಸ್ಟೆಲ್‌ಗಳು. ನಾವು ಮೊದಲು ಹಾಕಿದ ಒಂದು ಖಾಸಗಿ ಹಾಸ್ಟೆಲ್‌ನಲ್ಲಿ ನೀರು ವಾರಕ್ಕೆ ಮೂರು ದಿನ, ಬಿಡುವಾಗ ಡೆಪಾಸಿಟ್ ಪೂರ್ತಿ ವಾಪಸ್ ಬರಲಿಲ್ಲ. ಹೆಸರು ಬೇಡ. ಡೆಪಾಸಿಟ್ ಕೊಡುವಾಗ ರಸೀದಿ ಪಡೆಯಿರಿ, ಗೋಡೆ, ನಲ್ಲಿ, ಮಂಚ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ, ಬೋರ್‌ವೆಲ್ ಇದೆಯಾ ಕೇಳಿ. ಆಮೇಲೆ ಮೂವರು ಹುಡುಗಿಯರು ಸೇರಿ ಮಡರಾಕಾದಲ್ಲೇ ಒಂದು ಫ್ಲ್ಯಾಟ್ ಹಿಡಿದರು. ನಡೆದು ಹೋಗುವಷ್ಟು ಹತ್ತಿರ. ಅಂಕಗಳೂ ದಾರಿಗೆ ಬಂದವು.

ಊಟದ ಬಗ್ಗೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಕ್ಯಾಂಟೀನ್‌ನಲ್ಲಿ ಚಪಾತಿ ಜೊತೆಗೆ ಎನ್‌ಡೆಂಗು ಸಿಗುತ್ತದೆ. ಅಂದರೆ ಹೆಸರುಕಾಳಿನ ಪಲ್ಯ, ಸ್ವಲ್ಪ ತೆಳ್ಳಗೆ. ಜೋಳ, ಬೀನ್ಸ್ ಬೇಯಿಸಿದ ಗಿಥೇರಿ, ಸುಕುಮಾ ಸೊಪ್ಪು, ಉಗಾಲಿ ಇವೆಲ್ಲ ಇವೆ. ಉಗಾಲಿ ಅಂದರೆ ಮೆಕ್ಕೆಜೋಳದ ಮುದ್ದೆ ಅಂದುಕೊಳ್ಳಿ. ಖಾರ ಮಾತ್ರ ಇರುವುದಿಲ್ಲ. ನನ್ನ ಮಗಳ ಬ್ಯಾಗಿನಲ್ಲಿ ಚಟ್ನಿಪುಡಿ ಡಬ್ಬಿ ಕಾಯಂ.

ಧರ್ಮದ ಪ್ರಶ್ನೆಯನ್ನು ತುಂಬಾ ಜನ ಹಿಂಜರಿಯುತ್ತಾ ಕೇಳುತ್ತಾರೆ. ಬಿಡಿಸಿ ಹೇಳುತ್ತೇನೆ. ಸಂಸ್ಥೆ ಹುಟ್ಟಿದ್ದು ಓಪಸ್ ಡೇಯಿ ಎಂಬ ಕ್ಯಾಥೋಲಿಕ್ ಸಂಘಟನೆಯವರ ಪ್ರೇರಣೆಯಿಂದ. 1928ರಲ್ಲಿ ಸ್ಪೇನಿನಲ್ಲಿ ಹೊಸೆಮರಿಯಾ ಎಸ್ಕ್ರಿವಾ ಎಂಬ ಪಾದ್ರಿ ಶುರು ಮಾಡಿದ್ದು ಅದು. ದಿನದ ಕೆಲಸವನ್ನೇ ಶ್ರದ್ಧೆಯಿಂದ ಮಾಡುವುದು ದೇವರ ದಾರಿ ಅನ್ನುವುದು ಅವರ ನಂಬಿಕೆ. ಕ್ಯಾಂಪಸ್‌ನಲ್ಲಿ ಚಾಪೆಲ್ ಇದೆ, ಪೂಜೆ ನಡೆಯುತ್ತದೆ. ಹೋಗಲೇಬೇಕು ಎಂದೇನಿಲ್ಲ. ಮುಸ್ಲಿಮರು, ಹಿಂದೂಗಳು, ಬೇರೆ ಚರ್ಚ್‌ನವರು ಎಲ್ಲರೂ ಓದುತ್ತಾರೆ. ಊರಲ್ಲಿ ನಮ್ಮ ಅಮ್ಮನಿಗೆ ಆತಂಕವಿತ್ತು. "ಪಾದ್ರಿಗಳ ಕಾಲೇಜಂತೆ, ಹುಡುಗಿ ಕೊಳ್ಳಾಗಿನ ಲಿಂಗ ತೆಗಿಸಿಬಿಡ್ತಾರೇನೋ" ಎಂದು ಕೇಳಿದ್ದರು. ಮಗಳು ನಾಲ್ಕು ವರ್ಷವೂ ಲಿಂಗ ಧರಿಸಿಯೇ ಹೋದಳು. ಅದೇನು ಎಂದು ಕೇಳಿದ ಗೆಳತಿಯರಿಗೆ ಬಸವಣ್ಣನವರ ಬಗ್ಗೆ ಹೇಳಿದಳು. ಕಾಯಕದ ಮಾತು ಬಂದಾಗ ಅವರ ನೀತಿಶಾಸ್ತ್ರದ ಮೇಷ್ಟ್ರು ಕ್ಲಾಸಿನಲ್ಲೇ ಅವಳಿಂದ ಹತ್ತು ನಿಮಿಷ ಮಾತಾಡಿಸಿದರು. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರಿಗಾದ ಸಮಾಧಾನ ದೊಡ್ಡದು.

ಬಿ.ಕಾಂನವರು ಸಮಾಜಸೇವೆಯನ್ನೂ ಓದಿನ ಭಾಗವಾಗಿ ಮಾಡಬೇಕು. 200 ಗಂಟೆ. ಇವಳು ಆರಿಸಿಕೊಂಡಿದ್ದು ಮುಕುರು ಕೊಳೆಗೇರಿಯ ಒಂದು ಸಣ್ಣ ಶಾಲೆಯನ್ನು. ಮುಕುರು ನಮ್ಮ ಇಂಡಸ್ಟ್ರಿಯಲ್ ಏರಿಯಾದ ಬೆನ್ನಿಗೇ ಇದೆ. ನಮ್ಮ ಕಾರ್ಖಾನೆಯಲ್ಲಿ ಡಬ್ಬಿ ತುಂಬುವವರು, ಲೋಡಿಂಗ್ ಮಾಡುವವರು ಬಹುತೇಕ ಅಲ್ಲಿಂದಲೇ ನಡೆದು ಬರುತ್ತಾರೆ. ತಗಡಿನ ಗೋಡೆ, ತಗಡಿನ ಮಾಡು. ಮಳೆ ಜೋರಾದರೆ ಮೇಷ್ಟ್ರ ಮಾತು ಮಕ್ಕಳಿಗೆ ಕೇಳಿಸುವುದಿಲ್ಲವಂತೆ. ಆಗ ಪಾಠ ನಿಲ್ಲಿಸಿ ಬೋರ್ಡಿನ ಮೇಲೆ ಬರೀ ಲೆಕ್ಕ ಬರೆಯುತ್ತಾ ಹೋಗುವುದು. ಇವಳು ಗಣಿತ ಹೇಳಿಕೊಟ್ಟಳು, ಶಾಲೆಯ ಫೀಸ್ ಪುಸ್ತಕವನ್ನು ನೆಟ್ಟಗೆ ಮಾಡಿಕೊಟ್ಟಳು. ಒಂದು ಸಂಜೆ ನಮ್ಮ ಗೇಟಿನ ಹತ್ತಿರ ನನಗಾಗಿ ಕಾಯುತ್ತಿದ್ದಾಗ ನಮ್ಮ ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬರು ಬಂದು ಅವಳ ಕೈ ಹಿಡಿದು ಸ್ವಾಹಿಲಿಯಲ್ಲಿ ಮಾತಾಡಿಸಿದರು. ಅವರ ಮಗ ಇವಳ ಕ್ಲಾಸಿನಲ್ಲಿದ್ದನಂತೆ. ಆ ಹುಡುಗ ಭಿನ್ನರಾಶಿ ಕೂಡಿಸುವುದನ್ನು ಕಲಿತನೋ ಇಲ್ಲವೋ ಅಂತ ಇಬ್ಬರೂ ರಸ್ತೆ ಬದಿಯಲ್ಲೇ ನಿಂತು ಚರ್ಚೆ ಮಾಡಿದರು.

ಆಮೇಲೆ ಅಟ್ಯಾಚ್‌ಮೆಂಟ್, ಅಂದರೆ ಕಂಪನಿಯಲ್ಲಿ ಕೂತು ಕೆಲಸ ಕಲಿಯುವುದು. ಅದೂ ಆಯಿತು. ಈಗ ಒಂದು ಆಡಿಟ್ ಸಂಸ್ಥೆಯಲ್ಲಿದ್ದಾಳೆ.

ಫೀಸ್. ಕೆನ್ಯಾದ ಮಟ್ಟಿಗೆ ದುಬಾರಿ, ಇದರಲ್ಲಿ ಎರಡು ಮಾತಿಲ್ಲ. ಸರ್ಕಾರಿ ಯೂನಿವರ್ಸಿಟಿಗಳ ಜೊತೆ ಹೋಲಿಸಿದರೆ ಎದೆ ಝಲ್ಲೆನ್ನುತ್ತದೆ. ಹೊರಗಿನವರು ಇಂಗ್ಲೆಂಡಿನಲ್ಲಿ ಕಟ್ಟುವುದರ ಜೊತೆ ಹೋಲಿಸಿದರೆ ಬಹಳ ಕಡಿಮೆ. ಒಂದು ಶಿಲ್ಲಿಂಗ್ ಅಂದರೆ ನಮ್ಮ ಅರವತ್ತು, ಎಪ್ಪತ್ತು ಪೈಸೆ ಎಂದು ಲೆಕ್ಕ ಹಾಕಿಕೊಳ್ಳಿ. ಕೋರ್ಸಿಗೊಂದು ದರ, ಆಗಾಗ ಬದಲಾಗುತ್ತದೆ. ಅವರ ಫೀಸ್ ಪಟ್ಟಿಯನ್ನು ಅಡ್ಮಿಷನ್ ಆಫೀಸಿನಿಂದಲೇ ತೆಗೆದುಕೊಳ್ಳಿ, ಏಜೆಂಟರ ಬಾಯಿಮಾತು ನಂಬಬೇಡಿ. ಬಾಡಿಗೆ, ಮಟಾಟು, ಲ್ಯಾಪ್‌ಟಾಪ್, ಪುಸ್ತಕ, ಸಿಪಿಎ ಪರೀಕ್ಷೆಯ ಖರ್ಚು ಎಲ್ಲ ಸೇರಿಸಿ ನಾಲ್ಕು ವರ್ಷಕ್ಕೆ ಕೂಡಿಸಿ ನೋಡಿ, ಆಮೇಲೆ ತೀರ್ಮಾನಿಸಿ. ಸಂಬಳದವರಿಗೆ ಭಾರವಾಗುತ್ತದೆ. ನಮಗೂ ಆಯಿತು. ಇಲ್ಲಿಯ ಬಡ ಮನೆಗಳ ಜಾಣ ಮಕ್ಕಳಿಗೆ ಸ್ಕಾಲರ್‌ಶಿಪ್‌ಗಳಿವೆ. ಆದರೂ ಇಂಥ ಓದು ಇನ್ನೂ ಜಾಸ್ತಿ ಮಕ್ಕಳಿಗೆ ಸಿಗುವಂತಾಗಬೇಕು ಅನ್ನುವ ಆಸೆ ಮುಕುರುವಿನ ಆ ಹುಡುಗನನ್ನು ನೆನೆದಾಗೆಲ್ಲ ಬರುತ್ತದೆ.

ಸುರಕ್ಷತೆಯ ಬಗ್ಗೆ ಮುಚ್ಚುಮರೆ ಬೇಡ. 2015ರ ಏಪ್ರಿಲ್‌ನಲ್ಲಿ ಗಾರಿಸಾ ಯೂನಿವರ್ಸಿಟಿ ಕಾಲೇಜಿನ ಮೇಲೆ ಉಗ್ರರ ದಾಳಿಯಾಗಿ 148 ಜನ ಸತ್ತರು. ಅದಾದ ಮೇಲೆ ಕೆನ್ಯಾದ ಎಲ್ಲ ಕಾಲೇಜುಗಳಲ್ಲೂ ಭಯವಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಸ್ಟ್ರಾತ್‌ಮೋರ್‌ನಲ್ಲಿ ಅಣಕು ದಾಳಿಯ ಕವಾಯತು ನಡೆಸಿದಾಗ ಅದು ನಿಜವೆಂದು ನಂಬಿ ಮಕ್ಕಳು ಮಹಡಿಯಿಂದ ಹಾರಿದರು. ಹಲವರಿಗೆ ಗಾಯವಾಯಿತು, ಒಬ್ಬ ಮಹಿಳಾ ಸಿಬ್ಬಂದಿ ತೀರಿಕೊಂಡರು. ಆಗಬಾರದ ಸಾವು ಅದು. ಯಾರೂ ಮರೆಯಬಾರದು. ಈಗ ಗೇಟಿನಲ್ಲಿ ಬ್ಯಾಗ್ ತಪಾಸಣೆ, ಐಡಿ ಕಾರ್ಡ್ ಇಲ್ಲದೆ ಒಳಗೆ ಪ್ರವೇಶವಿಲ್ಲ. ನಾಲ್ಕು ವರ್ಷದಲ್ಲಿ ಕ್ಯಾಂಪಸ್ ಒಳಗೆ ಮಗಳಿಗೆ ಏನೂ ತೊಂದರೆಯಾಗಲಿಲ್ಲ. ಜಾಗ್ರತೆ ಬೇಕಾದದ್ದು ಟೌನ್‌ನಲ್ಲಿ ಮಟಾಟು ಬದಲಿಸುವಾಗ. ಫೋನ್ ಬ್ಯಾಗಿನೊಳಗಿರಲಿ, ಕತ್ತಲಾದರೆ ಕ್ಯಾಬ್ ಹಿಡಿಯಲಿ. 2024ರ ಜೂನ್‌ನಲ್ಲಿ ತೆರಿಗೆ ಏರಿಸುವ ಫೈನಾನ್ಸ್ ಬಿಲ್ ವಿರುದ್ಧ ಯುವಕರು ಬೀದಿಗಿಳಿದಾಗ ಟೌನ್ ತುಂಬಾ ಅಶ್ರುವಾಯು. ಅಂಥ ದಿನ ಟೌನ್ ದಾಟುವುದು ಬೇಡ ಎಂದು ಮೊದಲೇ ಮಾತಾಡಿಕೊಂಡಿರಿ.

ಯಾರಿಗೆ ಸರಿಹೋಗುವುದಿಲ್ಲ? ಮೆಡಿಕಲ್, ಸಿವಿಲ್ ಎಂಜಿನಿಯರಿಂಗ್ ಅಂತ ಹೊರಟವರು ಬೇರೆ ಕಡೆ ನೋಡಬೇಕು. ಇಲ್ಲಿ ಬಲ ಇರುವುದು ಕಾಮರ್ಸ್, ಅಕೌಂಟೆನ್ಸಿ, ಆಕ್ಚುರಿಯಲ್ ಸೈನ್ಸ್ (ವಿಮೆ, ಪಿಂಚಣಿಯ ಅಪಾಯ ಲೆಕ್ಕ ಹಾಕುವ ಗಣಿತ), ಐಟಿ, ಲಾ ಕಡೆಗೆ. ಕಟ್ಟುಪಾಡು ಆಗದವರಿಗೆ, ದೊಡ್ಡ ಕ್ಯಾಂಪಸ್ ಬೇಕೇಬೇಕು ಅನ್ನುವವರಿಗೆ ಬೇಸರವಾಗಬಹುದು. ಓದಿನ ಜೊತೆ ಆಟವೂ ಬೇಕೆನ್ನುವವರಿಗೆ ರಗ್ಬಿ, ಹಾಕಿ ತಂಡಗಳು ಹೆಸರು ಮಾಡಿವೆ. ಹಾಕಿ ಗೊತ್ತಿರುವ ಕೊಡಗಿನ ಮಕ್ಕಳು ಬಂದರೆ ಖುಷಿಪಡುತ್ತಾರೆ.

ಕೊನೆಗೆ ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇರುವ ಮಕ್ಕಳು ಅಪ್ಪನ ಪರ್ಮಿಟ್ ಮೇಲೆ ಇಲ್ಲಿದ್ದರೂ ಓದಲು ಪ್ಯೂಪಿಲ್ಸ್ ಪಾಸ್ (ವಿದ್ಯಾರ್ಥಿ ಪರವಾನಗಿ) ಮಾಡಿಸಬೇಕು. ಇಮಿಗ್ರೇಷನ್‌ನಲ್ಲಿ ತಡವಾಗುವುದುಂಟು. ಅಡ್ಮಿಷನ್ ಪತ್ರ ಕೈಗೆ ಬಂದ ವಾರವೇ ಅರ್ಜಿ ಹಾಕಿ. ಮುಂದೆ ಭಾರತದಲ್ಲಿ ಎಂ.ಕಾಂ ಅಥವಾ ಸರ್ಕಾರಿ ಕೆಲಸದ ಯೋಚನೆ ಇದ್ದರೆ ಡಿಗ್ರಿಗೆ ಸಮಾನತೆಯ ಪತ್ರ ಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಯೂನಿಟ್‌ಗಳ ವಿವರ ಎಲ್ಲವನ್ನೂ ಆಗಿಂದಾಗಲೇ ತೆಗೆದು ಫೈಲ್ ಮಾಡಿಡಿ. ಮಗ ಮುಂದಿನ ವರ್ಷ ಎ ಲೆವೆಲ್ ಮುಗಿಸುತ್ತಾನೆ. ಅಕ್ಕನ ಅದೇ ಫೈಲ್ ತೆಗೆದುಕೊಂಡು ಕೂತಿದ್ದಾನೆ, ಆಕ್ಚುರಿಯಲ್ ಸೈನ್ಸ್ ಪುಟ ತೆರೆದುಕೊಂಡು. ಈ ಸಲ ದಾವಣಗೆರೆಯಿಂದ ಅಣ್ಣ ಫೋನ್ ಮಾಡಿ ಕೇಳಿದ್ದು ಅರ್ಜಿಗೆ ಕೊನೆಯ ತಾರೀಕು ಯಾವಾಗ ಎಂದು.